ಹೊಲಿಗೆ ಕಲಿಯಲು ಹೋಗಿ ಬಿಚ್ಚಿದ ಅಂಗಿ

ಅಂದು ಮಂಗಳವಾರ. ಹೊಲಿಗೆ ಮಷೀನಿನ ಮುಂದೆ ಕೂತಿದ್ದ ನನ್ನ ಹೆಂಡತಿ ಮಹಾದೇವಿ ಎಂದಿನಂತೆ ಕರೆದಳು. “ಏನ್ರಿ, ಸೂಜ್ಯಾಗ ದಾರ ಹಾಕ್ರಿ.” ಹತ್ತಿರದ್ದು ಆಕೆಗೆ ಮಸುಕು. ಹಾಕಿಕೊಟ್ಟೆ. ಓಣಿಯವರ ಕುಬಸಗಳ ನಡುವೆ ಪುರುಸೊತ್ತು ಮಾಡಿಕೊಂಡು ನನಗಾಗಿ ಹೊಲಿದ ಒಂದೇ ಒಂದು ಬಿಳಿ ಅಂಗಿ. ಕೊನೆಯ ಗುಂಡಿ ಹಚ್ಚಿ, ದಾರ ಹಲ್ಲಿನಿಂದ ಕಡಿದು, ಮಡಚಿಟ್ಟಳು. ಮರುದಿನ ಬೆಳಿಗ್ಗೆ ಏಳಲಿಲ್ಲ.

ಮಷೀನಿಗೆ ಧೂಳು ಹಿಡಿಯಿತು. ಹುಮನಾಬಾದಿನಲ್ಲಿ ಸರ್ಕಾರದ ಉಚಿತ ಹೊಲಿಗೆ ತರಬೇತಿ, ವಯಸ್ಸಾದವರೂ ಸೇರಬಹುದು ಎಂಬ ಬೋರ್ಡನ್ನು ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ನೋಡಿದೆ. ಇಪ್ಪತ್ತಾರು ವರ್ಷ ಸೂಜಿಗೆ ದಾರ ಹಾಕಿದವನು ನಾನು. ಅರ್ಧ ದರ್ಜಿ ಆಗಿಯೇ ಇದ್ದೇನೆ, ಉಳಿದರ್ಧ ಸರ್ಕಾರ ಮಾಡಲಿ!

ತರಗತಿಯಲ್ಲಿ ಹತ್ತೊಂಬತ್ತು ಹೆಂಗಸರು, ನಾನೊಬ್ಬ. ಮೊದಲ ದಿನ ಮಷೀನು ಹಿಂದಕ್ಕೆ ಓಡಿತು. ಎರಡನೆಯ ದಿನ ಕರವಸ್ತ್ರದ ಜೊತೆಗೆ ನನ್ನ ಧೋತರದ ಅಂಚನ್ನೂ ಸೇರಿಸಿ ಹೊಲಿದೆ. ಚಹಾಕ್ಕೆಂದು ಎದ್ದರೆ ಮಷೀನು ಬಿಡಲಿಲ್ಲ! ಪಕ್ಕದಲ್ಲಿ ಕಲಿಯುತ್ತಿದ್ದ ಶಾಹೀನ್‌ಬಿ ಕತ್ತರಿ ತಂದು ಬಿಡಿಸಿದರು. “ಭಾಯಿ, ನಿಮ್ಮ ಸಂಗಾಟ ಮಷೀನಿಗೂ ಬಸ್ಸಿನ ಟಿಕೀಟ್ ತಗೀಬೇಕಾಗ್ತದ ನೋಡ್ರಿ.”

ಮುಂದಿನ ವಾರ ಕಲಿಸುವ ಮೇಡಂ, ಮನೆಯಿಂದ ಹಳೆಯ ಅಂಗಿ ತಂದು ಹೊಲಿಗೆ ಬಿಚ್ಚಿ, ತುಂಡುಗಳನ್ನು ಕಾಗದದ ಮೇಲಿಟ್ಟು ಗೆರೆ ಎಳೆಯಿರಿ, ಕಟಿಂಗ್ ತಿಳಿಯುತ್ತದೆ ಎಂದರು. ಎಲ್ಲರೂ ಹರಿದದ್ದು ತಂದರು. ನಾನು ಜಾಣ! ಒಳ್ಳೆಯ ಹೊಲಿಗೆಯಿಂದಲೇ ಕಲಿಯಬೇಕೆಂದು, ಒಮ್ಮೆಯೂ ತೊಡದ ಆ ಬಿಳಿ ಅಂಗಿ ಒಯ್ದೆ. ಹೊಲಿಯಲು ಬಾರದ ಕೈಗೆ ಬಿಚ್ಚುವುದು ಸೊಗಸಾಗಿ ಬಂತು. ಕಾಲರು, ತೋಳು, ಜೇಬು, ಗುಂಡಿಗಳು ಕೂಡ. ಮೇಡಂ ಹೊಗಳಿದರು. ಆ ಹುರುಪಿಗೆ ಇಡೀ ಕೋಣೆಯ ದಾರದ ಚೂರುಗಳನ್ನು ನಾನೇ ಗುಡಿಸಿ ಕಸದ ಬುಟ್ಟಿಗೆ ಹಾಕಿದೆ.

ಶಾಹೀನ್‌ಬಿ ತುಂಡುಗಳನ್ನು ಎತ್ತಿ ನೋಡಿದರು. “ಯಾರು ಹೊಲಿದದ್ದರಿ ಇದು?”

“ನನ್ನ ಹೆಂಡ್ತಿರಿ.”

“ಹೊಸಾ ಅಂಗಿ ಬಿಚ್ಚೀರಿ. ಬೈಯೂದಿಲ್ಲೇನು ಆಕಿ?”

“ಬೈಯಾಕ ಆಕಿ ಇಲ್ರಿ.”

ಅವರು ಬುಟ್ಟಿಯನ್ನು ನೆಲಕ್ಕೆ ಬೋರಲು ಹಾಕಿ ದಾರ ಆರಿಸುತ್ತ ಕೂತರು. ನಾನೂ ಕೂತೆ. ಇಪ್ಪತ್ತು ಜನರ ದಾರ, ಬಿಳಿಯದೇ ಹೆಚ್ಚು. ಆಕೆ ಹಲ್ಲಿನಿಂದ ಕಡಿದದ್ದು ಯಾವುದೋ, ಗೊತ್ತಾಗಲಿಲ್ಲ. ಇಷ್ಟು ವರ್ಷ ದಾರ ಹಾಕಿಕೊಟ್ಟವನಿಗೆ ಅದರ ಗುರುತೂ ಇರಲಿಲ್ಲ.

ತರಬೇತಿ ಮುಗಿದು, ನಾನು ನುರಿತ ದರ್ಜಿ ಎಂದು ಸರ್ಟಿಫಿಕೇಟ್ ಬಂತು. ಮನೆಯಲ್ಲಿ ಆ ಅಂಗಿಯನ್ನು ಮತ್ತೆ ಹೊಲಿದೆ. ಎಡದ ತೋಳು ಬಲಕ್ಕೆ ಕೂತಿದೆ, ಜೇಬಿನ ಬಾಯಿ ಮುಚ್ಚಿಹೋಗಿದೆ. ಆದರೂ ತೊಡುತ್ತೇನೆ. ಬಟ್ಟೆ ಅದೇ, ಗುಂಡಿ ಅವೇ. ಆಕೆಯ ಹೊಲಿಗೆ ಇಲ್ಲ.