ಸೊಂಟದ ಸರದಾರ

ಸೊಂಟ ನೋವಿನ ವಿಷಯದಲ್ಲಿ ನನ್ನನ್ನು ಮೀರಿಸುವವರು ಈ ಊರಲ್ಲಿ ಹುಟ್ಟಿಲ್ಲ. ಹುಟ್ಟಿದ್ದರೂ ಇನ್ನೂ ಅಂಬೆಗಾಲಿಡುತ್ತಿರಬೇಕು! ನಾನು ಫಿಸಿಯೋಥೆರಪಿಸ್ಟ್. ರೋಗಿ ಬಾಗಿಲಲ್ಲಿ ಚಪ್ಪಲಿ ಬಿಡುವ ಚಂದ ನೋಡಿಯೇ ನೋವಿನ ಜಾತಕ ಹೇಳಬಲ್ಲೆ. ಕೂತರೆ ಕಾಡುವ ನೋವು, ನಡೆದರೆ ಕಾಡುವ ನೋವು, ಸೀನಿದರೆ ಬರುವ ನೋವು, ನೆಂಟರು ಬಂದಾಗ ಮಾತ್ರ ಬರುವ ನೋವು, ಎಲ್ಲವೂ ನನ್ನ ಮುಂದೆ ಬಾಲ ಮುದುರಿಕೊಂಡು ಕೂರುತ್ತವೆ. "ರಾತ್ರಿಯೆಲ್ಲಾ ಜೀವ ಹಿಂಡಿತು ಸಾರ್, ಇಲ್ಲಿಗೆ ಬಂದ ತಕ್ಷಣ ಮಾಯ!" ಎನ್ನದ ರೋಗಿಯೇ ಇಲ್ಲ. ಅದೆಲ್ಲ ನನ್ನ ಕೈಗುಣ!

ಭಾನುವಾರ ವಾಚನಾಲಯದ ಸಭಾಂಗಣದಲ್ಲಿ ನನ್ನ ಭಾಷಣವಿತ್ತು: 'ಸೊಂಟ ನೋವಿಗೆ ಶಾಶ್ವತ ವಿದಾಯ'. ಜೀವಂತ ಸಾಕ್ಷಿಯಾಗಿ ನಮ್ಮ ಟೈಲರ್. ಇಡೀ ದಿನ ಮೆಷಿನ್ ಮುಂದೆ ಕೂತು ಬಿಲ್ಲಾಗಿದ್ದವನನ್ನು ಬಾಣ ಮಾಡಿದವನು ನಾನು! ವೇದಿಕೆಯಲ್ಲಿ ಹೇಳಬೇಕಾದ ಮಾತನ್ನೂ ಗಿಳಿಪಾಠ ಮಾಡಿಸಿದ್ದೆ: "ಇವರ ಕೈ ತಾಗಿತು, ನೋವು ಊರು ಬಿಟ್ಟಿತು!"

ಶುಕ್ರವಾರ ಬೆಳಿಗ್ಗೆ ಹೆಂಡತಿ, "ವಾಷಿಂಗ್ ಮೆಷಿನ್ ಹಿಂದೆ ನೀರು ಸೋರ್ತಿದೆ. ಪಕ್ಕದ ಮನೆಯವರನ್ನ ಕರೀರಿ, ಇಬ್ಬರೂ ಸೇರಿ ಸರಿಸಿ" ಎಂದಳು.

"ಇಬ್ಬರಾ? ಬೆನ್ನು ನೆಟ್ಟಗಿಟ್ಟು, ಮಂಡಿ ಮಡಚಿ, ಉಸಿರು ಬಿಡ್ತಾ... ನೋಡಿ ಕಲಿತ್ಕೋ!"

ಸರಿಸಿಯೇ ಬಿಟ್ಟೆ, ಶಾಸ್ತ್ರೋಕ್ತವಾಗಿ! ಸೊಂಟ ಕಮಕ್ ಕಿಮಕ್ ಎನ್ನಲಿಲ್ಲ. ಗೆದ್ದ ಗತ್ತಿನಲ್ಲಿ, ಮೆಷಿನ್ ಹಿಂದೆ ಬಿದ್ದಿದ್ದ ಒಂದು ಕಾಲುಚೀಲ ಎತ್ತಲು ಬಗ್ಗಿದೆ ನೋಡಿ, ಚಳಕ್! ಬಗ್ಗಿದವನು ಬಗ್ಗಿದಂತೆಯೇ ಉಳಿದೆ.

"ಏನ್ರೀ, ಆಗಿಂದ ಏನ್ ಹುಡುಕ್ತಿದ್ದೀರಾ?"

"ಇನ್ನೊಂದು ಕಾಲುಚೀಲ."

"ಅದು ಹಗ್ಗದ ಮೇಲೆ ಒಣಗ್ತಿದೆ. ಸೊಂಟ ಹಿಡೀತು ಅಂತ ಬಾಯಿಬಿಟ್ಟು ಹೇಳಿ!"

ಊರವರ ಬೆನ್ನಿಗೆಲ್ಲ ಎಟುಕುವ ನನ್ನ ಕೈ ನನ್ನ ಬೆನ್ನಿಗೆ ಎಟುಕಲಿಲ್ಲ. ಭಾನುವಾರ ಈ ಭಂಗಿಯಲ್ಲಿ ವೇದಿಕೆ ಹತ್ತಿದರೆ ಮಾನ ಮೂರು ಕಾಸಿಗೆ ಹರಾಜು!

"ಆಚೆ ಬೀದೀಲಿ ಹೊಸ ಫಿಸಿಯೋ ಮೇಡಂ ಬಂದಿದ್ದಾರಲ್ಲ, ಅಲ್ಲಿಗೆ ಹೋಗೋಣ" ಎಂದಳು ಹೆಂಡತಿ.

"ನಾನಾ? ಆ ಅಂಬೆಗಾಲಿನವಳ ಹತ್ರಾನಾ?"

"ಬೇಡ್ವಾ? ಹಾಗಾದ್ರೆ ಭಾನುವಾರ ನೆಲಕ್ಕೇ ಭಾಷಣ ಮಾಡಿ."

ಹೋದೆ. ಹೆಂಡತಿಯ ತೋಳು ಹಿಡಿದು, ದಾರಿಯುದ್ದಕ್ಕೂ ನನ್ನ ಕಾಲಿನ ಹೆಬ್ಬೆರಳುಗಳ ದರ್ಶನ ಮಾಡುತ್ತಾ ಹೋದೆ. ಕ್ಲಿನಿಕ್ಕಿನ ಬೆಂಚಿನ ಮೇಲೆ ಸೊಂಟಕ್ಕೆ ಕೈ ಕೊಟ್ಟುಕೊಂಡು ಒಬ್ಬ ಮುಲುಗುತ್ತಿದ್ದ. ಕಷ್ಟಪಟ್ಟು ಕತ್ತೆತ್ತಿ ನೋಡಿದರೆ ನಮ್ಮ ಟೈಲರ್! ನನ್ನ ಜೀವಂತ ಸಾಕ್ಷಿ!

"ಏನಯ್ಯಾ ಇದು? ನಿಂಗೆ ಪೂರ್ತಿ ವಾಸಿಯಾಗಿತ್ತಲ್ಲ?"

"ನಿಮ್ಮೆದುರು ವಾಸೀನೇ ಸಾರ್. 'ನೋವು ಹೋಯ್ತಲ್ಲಾ?' ಅಂತ ನೀವು ಅಷ್ಟು ಖುಷಿಯಾಗಿ ಕೇಳ್ತೀರಿ. ಇಲ್ಲ ಅನ್ನೋಕೆ ಬಾಯಿ ಬರಲ್ಲ. ನಿಮ್ಮ ಮೆಟ್ಟಿಲು ಇಳಿದ್ರೆ ಮತ್ತೆ ಶುರು. ಭಾನುವಾರ ಬರ್ತೀನಿ ಬಿಡಿ, ವೇದಿಕೆ ಮೇಲೆ ನೆಟ್ಟಗೇ ಇರ್ತೀನಿ." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವ್ಯಾಕ್ ಸಾರ್ ಇಲ್ಲಿ?" ಎಂದ.

"ಸುಮ್ನೆ... ಕ್ಲಿನಿಕ್ ನೋಡೋಣ ಅಂತ."

"ನೆಲ ಚೆನ್ನಾಗಿದ್ಯಾ ಸಾರ್?"

ನನಗೆ ನಾಚಿಕೆಯೂ ಆಯಿತು, ಸಂಕಟವೂ ಆಯಿತು. ಅಷ್ಟರಲ್ಲಿ ಮೇಡಂ ಬಂದು, "ಅಯ್ಯೋ, ನೀವಾ ಸಾರ್! ಬನ್ನಿ ಬನ್ನಿ" ಎಂದು ಪರದೆಯೊಳಗೆ ಕರೆದೊಯ್ದಳು. ಮಲಗಿಸಿದಳು, ಒತ್ತಿದಳು, ಹೊರಳಿಸಿದಳು. ಆಮೇಲೆ ಎಬ್ಬಿಸಿ ನಿಲ್ಲಿಸಿ, ಕಣ್ಣರಳಿಸಿ ಕೇಳಿದಳು: "ನೋವು ಹೋಯ್ತಲ್ಲಾ ಸಾರ್?"

ಥೇಟ್ ನನ್ನದೇ ಧ್ವನಿ, ನನ್ನದೇ ಖುಷಿ! ನೋವು ಎಲ್ಲಿ ಹೋಗುತ್ತದೆ? ಅರ್ಧ ಇಳಿದಿತ್ತು, ಅರ್ಧ ಅಲ್ಲೇ ಠಿಕಾಣಿ ಹೂಡಿತ್ತು. ಆದರೂ ಆ ಮುಖ ನೋಡಿ ಹಲ್ಲು ಕಚ್ಚಿ ನೆಟ್ಟಗಾದೆ.

"ಪೂರ್ತಿ ಹೋಯ್ತಮ್ಮಾ!"

"ನಿಮ್ಮಂಥ ಹಿರಿಯರೇ ಹೇಳಿದ್ಮೇಲೆ ಇನ್ನೇನ್ ಬೇಕು ಸಾರ್! ಮುಂದಿನ ವಾರ ನಂದೂ ಒಂದು ಭಾಷಣ ಇದೆ. ವೇದಿಕೆಗೆ ಬಂದು ಎರಡು ಮಾತು ಹೇಳ್ತೀರಾ?"

ಪರದೆಯ ಆಚೆಯಿಂದ ಟೈಲರ್ ಕೂಗಿದ:

"ಒಪ್ಕೊಳ್ಳಿ ಸಾರ್! ಮಾತು ಬರದಿದ್ರೆ ನಾನು ಹೇಳ್ಕೊಡ್ತೀನಿ. 'ಇವರ ಕೈ ತಾಗಿತು, ನೋವು ಊರು ಬಿಟ್ಟಿತು!'"