ಹಪ್ಪಳದ ಕಟ್ಟಿನಲ್ಲಿ ಹೋದ ಏಪ್ರಿಲ್ ತಿಂಗಳು

ಬಾಯಿ ಜೋರಿದ್ದವರಿಗೆ ನೆನಪು ಕಡಿಮೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ, ನಾನಿದ್ದೇನೆ. ಕೊಪ್ಪದಲ್ಲಿ ಮಕ್ಕಳಿಗೆ ಸಮಾಜ ಪಾಠ ಹೇಳುತ್ತೇನೆ. ನಿನ್ನೆಯ ಪೇಪರು ಇವತ್ತು ನೆನಪಿರುವುದಿಲ್ಲ. ಆದರೂ ನಮ್ಮ ಮೇಷ್ಟ್ರುಗಳ ತಿಂಗಳ ಕೂಟದಲ್ಲಿ, ಗಣಿತದ ಮೇಷ್ಟ್ರು ಜಗತ್ತಿನ ಸುದ್ದಿಯನ್ನು ಚೀಟಿ ನೋಡಿಕೊಂಡು ಹೇಳಿದಾಗ, "ಚೀಟಿ ಓದೋದಕ್ಕೆ ಮೇಷ್ಟ್ರು ಯಾಕೆ, ರೇಡಿಯೋ ಇಟ್ಟರೆ ಸಾಕಲ್ಲ!" ಎಂದು ಎಲ್ಲರೆದುರು ಹಂಗಿಸಿಬಿಟ್ಟೆ. ಅವರು ಮೆತ್ತಗೆ, "ಹಾಗಾದರೆ ಏಪ್ರಿಲ್ ತಿಂಗಳದ್ದು ನೀವೇ ಹೇಳಿ, ಚೀಟಿ ಇಲ್ಲದೆ" ಎಂದರು. ಎರಡು ಸಾವಿರದ ಮೂರನೇ ಇಸವಿಯ ಏಪ್ರಿಲ್. ಜಗತ್ತಿಗೆ ಅದೇ ತಿಂಗಳು ಅಷ್ಟೊಂದು ಕೆಲಸ ಇರಬೇಕೇ!

ಇಡೀ ತಿಂಗಳ ಪೇಪರನ್ನು ಮಂಚದಡಿ ಪೇರಿಸಿಟ್ಟು, ಕೊನೆಯಲ್ಲಿ ಬಾಯಿಪಾಠ ಮಾಡಿದರಾಯಿತು ಎಂದು ಹಾಯಾಗಿದ್ದೆ. ಕೂಟಕ್ಕೆ ಎರಡು ದಿನ ಇರುವಾಗ ಬಗ್ಗಿ ನೋಡಿದರೆ ಮಂಚದಡಿ ಬೆಕ್ಕು ಮಾತ್ರ ಇತ್ತು. ನಮ್ಮಲ್ಲಿ ಹೊಸ ಹಲಸಿನಕಾಯಿ ಹಪ್ಪಳ ಒಣಗಿದರೆ ಮೊದಲು ನಾಲ್ಕು ಮನೆಗೆ ಕಟ್ಟು ಹೋಗಬೇಕು, ಆಮೇಲೆಯೇ ನಮ್ಮ ಬಾಣಲೆಗೆ. "ಮೆತ್ತಗಾಗಬಾರದು ಅಂತ ಆ ಪೇಪರಿನಲ್ಲೇ ಏಳೇಳು ಸುತ್ತು ಸುತ್ತಿ ಕಳಿಸಿದೆ" ಎಂದಳು ಹೆಂಡತಿ ಸುಮಿತ್ರ. "ಎಂತ, ಕಾಗದ ಇಲ್ಲದೆ ಕೈಯಲ್ಲಿ ಹಿಡ್ಕೊಂಡು ಹೋಗೋದಾ?"

ಬಸ್ಸು ಹತ್ತಿ ಹರಿಹರಪುರಕ್ಕೆ ಓಡಿದೆ. "ಕೊಟ್ಟ ಹಪ್ಪಳ ವಾಪಸ್ ಕೇಳೋಕೆ ಬಂದ್ಯಾ ಮಾರಾಯ?" ಎಂದು ಅಕ್ಕ ಕಣ್ಣರಳಿಸಿದಳು. ಅವಳ ಡಬ್ಬಿಯ ತಳದಲ್ಲಿ ಬಾಗ್ದಾದ್ ಬಿದ್ದಿತ್ತು. ಆರು ಹಪ್ಪಳ ತಿನ್ನಿಸಿಯೇ ಆ ಹಾಳೆಯನ್ನು ಬಿಟ್ಟುಕೊಟ್ಟಳು. ಶೆಟ್ಟಿಕೊಪ್ಪದ ಚಿಕ್ಕಮ್ಮ, ಸಾರ್ಸ್ ಕಾಯಿಲೆಗೆ ಹೆದರಿ ಬಾಯಿಗೆ ಬಟ್ಟೆ ಕಟ್ಟಿಕೊಂಡವರ ಚಿತ್ರವನ್ನು ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ್ದರು. ಪಕ್ಕದ ಮನೆಯ ಅಜ್ಜಿ ಪೇಪರನ್ನು ದೇವರ ಗೂಡಿಗೆ ಹಾಸಿದ್ದರು. ಮನುಷ್ಯನ ವಂಶವಾಹಿಗಳ ನಕ್ಷೆ ಪೂರ್ತಿಯಾದ ಸುದ್ದಿಯ ಮೇಲೆ ಗಣಪತಿ ಕೂತಿದ್ದ. ಏಳಪ್ಪಾ ಎನ್ನುವ ಧೈರ್ಯ ಬರಲಿಲ್ಲ. ಮಂಡಿಯೂರಿ, ಅವನ ಹೊಟ್ಟೆಯ ಆಚೀಚೆ ಕಂಡಷ್ಟನ್ನು ಓದಿದೆ. "ಮೇಷ್ಟ್ರಿಗೆ ಈಗೀಗ ಭಕ್ತಿ ಬಂದಿದೆ" ಎಂದು ಅಜ್ಜಿಗೆ ಸಂತೋಷವೋ ಸಂತೋಷ.

"ನಾಲ್ಕನೇ ಮನೆ ಯಾವುದೇ?" ಎಂದೆ ಸುಮಿತ್ರಳಿಗೆ.

"ಗಣಿತದ ಮೇಷ್ಟ್ರ ಮನೆ. ಅಷ್ಟು ಜನರೆದುರು ಹಂಗಿಸಿದ್ರಲ್ಲ, ಪಾಪ ಅನ್ನಿಸ್ತು. ಅವರಿಗೆ ಒಂದು ಕಟ್ಟು ಜಾಸ್ತಿನೇ ಕೊಟ್ಟೆ."

ಆ ಮನೆಗೆ ಮಾತ್ರ ಕಾಲು ಏಳಲಿಲ್ಲ.

ಕೂಟದ ದಿನ ಮೂರು ಸುದ್ದಿ ಸರಾಗವಾಗಿ ಬಂದವು. ನಾನೇ ಬೆರಗಾದೆ. "ಇನ್ನೊಂದು ಬಹಳ ದೊಡ್ಡ ಸುದ್ದಿ..." ಎಂದೆ. ಅಲ್ಲಿಗೆ ನನ್ನ ಸರಕು ಮುಗಿದಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ, ನಾನು ಫ್ಯಾನು ನೋಡುತ್ತಿದ್ದೇನೆ. ಆಗ ಮುಂದಿನ ಸಾಲಿನಿಂದ ಗಣಿತದ ಮೇಷ್ಟ್ರು ಎದ್ದು ಬಂದು, ಜೇಬಿನಿಂದ ಎಣ್ಣೆ ಹತ್ತಿದ ಹಾಳೆಯೊಂದನ್ನು ತೆಗೆದು ನನ್ನ ಕೈಗಿಟ್ಟರು. "ಇದಿರಬೇಕು ನೋಡಿ. ಹಪ್ಪಳ ಬಹಳ ಚೆನ್ನಾಗಿತ್ತು ಅಂತ ಮನೆಯಲ್ಲಿ ಹೇಳಿ" ಎಂದರು. ಮುಖದಲ್ಲಿ ಕುಹಕದ ಸುಳಿವೂ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು!

ಶಬ್ದಕ್ಕಿಂತ ವೇಗವಾಗಿ ಹಾರುವ ಪ್ರಯಾಣಿಕರ ವಿಮಾನ ಹಾರಾಟ ನಿಲ್ಲಿಸಲಿದೆ ಎಂಬ ಸುದ್ದಿ ಅದು. ಕನ್ನಡಕ ಹಾಕಿಕೊಂಡು, ಎಲ್ಲರೆದುರು, ಒಂದಕ್ಷರ ಬಿಡದೆ ಓದತೊಡಗಿದೆ.

"ಮೇಷ್ಟ್ರೇ, ರೇಡಿಯೋ ಸ್ವಲ್ಪ ಜೋರು ಮಾಡಿ, ಹಿಂದೆ ಕೇಳ್ತಿಲ್ಲ!" ಎಂದು ಕೊನೆಯ ಬೆಂಚಿನಿಂದ ಯಾರೋ ಕೂಗಿದರು.

ಜೋರು ಮಾಡಿದೆ.