ಕೆಂಪಂಗಿ ಕ್ಲಬ್ಬಿಗೆ ನಾನು ಪ್ರಾಣ ಕೊಟ್ಟದ್ದು

ಅಭಿಮಾನಿಗಳಲ್ಲಿ ಎರಡು ಜಾತಿ. ತಂಡ ಗೆದ್ದಾಗ 'ನಾವು ಗೆದ್ದೆವು' ಎಂದು, ಸೋತಾಗ 'ಅವರು ಸೋತರು' ಎನ್ನುವವರದು ಒಂದು. ಸೋತಾಗಲೂ 'ನಾವೇ ಸೋತೆವು' ಎನ್ನುವವರದು ಇನ್ನೊಂದು. ನಾನು ಈ ಎರಡನೆಯ ಜಾತಿಗೆ ಸೇರಿದವನೆಂದು ಓದುಗರಿಗೆ ವಿನಯಪೂರ್ವಕವಾಗಿ ತಿಳಿಸಬಯಸುತ್ತೇನೆ. ನಮ್ಮ ರಾಣೆಬೆನ್ನೂರಿನ ಕೆಂಪಂಗಿ ಫುಟ್‌ಬಾಲ್ ಕ್ಲಬ್ಬಿನ ಮಟ್ಟಿಗೆ ಮೊದಲ ಜಾತಿಗೆ ಸೇರಲು ಅವಕಾಶವೇ ಸಿಕ್ಕಿರಲಿಲ್ಲ ಎಂಬುದು ಬೇರೆ ಮಾತು.

ಕ್ಲಬ್ಬು ಶುರುವಾದಾಗ ಹುಡುಗರ ಅಂಗಿ ಬ್ಯಾಡಗಿ ಮೆಣಸಿನಕಾಯಿಯ ಬಣ್ಣದ್ದೇ ಇರಬೇಕೆಂದು ಹಟ ಹಿಡಿದವನು ನಾನು. ಬ್ಯಾಡಗಿ ನನ್ನ ಹೆಂಡತಿಯ ತವರು, ಆ ಕೆಂಪಿನ ಮೇಲೆ ನನಗೆ ಮಮಕಾರ. ನಾಲ್ಕು ಸಲ ಒಗೆದ ಮೇಲೆ ಆ ಕೆಂಪು ಗುಲಾಬಿಯಾಯಿತು. ಎದುರಾಳಿಗಳು ನಗತೊಡಗಿದರು. ಹೆಸರು ಮಾತ್ರ ಕೆಂಪಂಗಿ ಎಂದೇ ಉಳಿಯಿತು.

ಕೊರೋನಾ ಬಂತು. ಮೈದಾನಕ್ಕೆ ಬೀಗ ಬಿತ್ತು. ಕೆಲವು ತಿಂಗಳ ನಂತರ ಆಡಲು ಅನುಮತಿ ಸಿಕ್ಕಿತು, ಆದರೆ ನೋಡಲು ಸಿಗಲಿಲ್ಲ. ಆಟಗಾರರು ಮತ್ತು ಒಬ್ಬಿಬ್ಬರು ಪದಾಧಿಕಾರಿಗಳು ಬಿಟ್ಟರೆ ಒಂದು ನರಪಿಳ್ಳೆಯೂ ಒಳಗೆ ಬರುವಂತಿಲ್ಲ. ಅದೇ ಹೊತ್ತಿಗೆ ಸದಸ್ಯತ್ವ ನವೀಕರಣದ ಕಾಲವೂ ಬಂತು. ಕ್ಲಬ್ಬಿನ ಕಾರ್ಯದರ್ಶಿ ದಾದಾಪೀರ ವೃತ್ತಿಯಿಂದ ದರ್ಜಿ. ಅಂಗಿ ಹೊಲಿಸುವವರಿಲ್ಲದೆ ಆಗ ಮಾಸ್ಕು ಹೊಲಿಯುತ್ತಿದ್ದ. ಅವನ ಅಂಗಡಿಯ ಮುಂದೆ ದೂರ ದೂರ ನಿಂತು ಸಭೆ ನಡೆಸಿದೆವು.

"ಮ್ಯಾಚು ನೋಡಾಕ ಬಿಡಂಗಿಲ್ಲ ಅಂದಮ್ಯಾಲೆ ಮೆಂಬರ್ ಯಾಕ ಆಗ್ಬೇಕು?" ಎಂದು ಒಬ್ಬರು ಕೇಳಿದರು. ಉಳಿದವರು ಮಾಸ್ಕಿನೊಳಗಿಂದಲೇ ಹೌದೆಂದರು. ಮೆಂಬರುಗಳಿಲ್ಲದಿದ್ದರೆ ಈ ಹಂಗಾಮಿಗೆ ಕ್ಲಬ್ಬು ಮುಚ್ಚಿದಂತೆಯೇ ಎಂದು ದಾದಾಪೀರನ ಮುಖ ಸಣ್ಣದಾಯಿತು. ನನ್ನ ರಕ್ತ ಕುದಿಯಿತು. ನಾನು ಅಂಗಡಿಯ ಕಟ್ಟೆ ಹತ್ತಿದೆ.

"ತೇರಿಗೆ ಮಿಣಿ ಹಚ್ಚಿ ಎಳಿಯಾಕ ಎಲ್ಲಾರೂ ಬರ್ತಾರ, ಕೆಸರಾಗ ಸಿಕ್ಕಾಗ ಯಾರು ನಿಲ್ತಾರ ನೋಡ್ಬೇಕು. ನಾ ನಿಲ್ತೇನಿ. ಕೆಂಪಂಗಿಗೆ ನಾ ಪ್ರಾಣಾ ಬೇಕಾದ್ರೂ ಕೊಡ್ತೇನಿ!"

ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಊರಿನವರು ಇಟ್ಟುಕೊಂಡಿದ್ದಾರೆ.

ಭಾಷಣದ ಪರಿಣಾಮವಾಗಿ ಜನ ಒಬ್ಬೊಬ್ಬರಾಗಿ ಮುಂದೆ ಬಂದರು. ದಾದಾಪೀರನಿಗೆ ಉತ್ಸಾಹ ಉಕ್ಕಿತು. ನವೀಕರಿಸಿದ ಎಲ್ಲರ ಫೋಟೊ ಫ್ಲೆಕ್ಸಿನಲ್ಲಿ ಮಾಡಿಸಿ ಮೈದಾನದ ಖುರ್ಚಿಗಳ ಮೇಲೆ ಕೂರಿಸೋಣ, ಹುಡುಗರಿಗೆ ನಾವು ಕುಂತು ನೋಡಿದ ಹಾಗೆಯೇ ಅನಿಸಲಿ ಎಂದ. ಮೊದಲ ಖುರ್ಚಿ ನನ್ನದು. ಅದರ ಮೇಲೆ ಇನ್ನೊಂದು ಗೌರವ. ಪ್ರತಿವರ್ಷ ಮೊದಲ ಪಂದ್ಯದ ದಿನ ಕ್ಲಬ್ಬಿನವರು ಒಬ್ಬ ನಿಷ್ಠಾವಂತ ಅಭಿಮಾನಿಗೆ ಸನ್ಮಾನ ಮಾಡುತ್ತಾರೆ. ಆ ವರ್ಷ ನನಗೆ ಮಾಡಬೇಕೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಆದರೆ ನಾನು ಮೈದಾನಕ್ಕೆ ಹೋಗುವಂತಿಲ್ಲ!

"ಮುಂದಿನ ವರ್ಷ ಮಾಡೋಣಲ್ಲ, ಬಸಪ್ಪಣ್ಣಾ," ಎಂದ ದಾದಾಪೀರ.

ಸನ್ಮಾನ ಮುಂದೆ ಹೋದರೆ ಮತ್ತೆ ಬರುತ್ತದೆಂದು ಯಾವ ಭರವಸೆ? ನಾನು ಗಂಭೀರವಾಗಿ ಹೇಳಿದೆ: "ಸಂಪ್ರದಾಯ ಮುರೀಬಾರ್ದು. ನಾ ಇಲ್ದಿದ್ರ ಏನಾತು, ನನ್ನ ಫೋಟೊ ಐತಲ್ಲ. ಅದಕ್ಕ ಮಾಡ್ರಿ."

ಹೀಗೆ ನನ್ನ ಗುಂಡಿಯನ್ನು ನಾನೇ ತೋಡಲು ಆರಂಭಿಸಿದೆ. ಗುದ್ದಲಿಯನ್ನು ಯಾರೂ ನನ್ನ ಕೈಗೆ ಕೊಟ್ಟಿರಲಿಲ್ಲ.

ಫೋಟೊ ಆರಿಸಿದವನು ನಾನು. ಬಂಧುವೊಬ್ಬರ ಮದುವೆಯಲ್ಲಿ ಕೋಟು ಹಾಕಿಕೊಂಡು ತೆಗೆಸಿದ್ದು, ಬಹಳ ಶಾಂತವಾದ ಮುಖ. ಫ್ಲೆಕ್ಸು ಮಾಡುವವನು ಆ ದಿನಗಳಲ್ಲಿ ಒಂದೇ ಬಗೆಯ ಫ್ಲೆಕ್ಸು ಮಾಡಿ ಮಾಡಿ ಕೈ ಪಳಗಿದ್ದವನು. ಅಭ್ಯಾಸಬಲದಿಂದ ನನ್ನ ಹಿಂದೆ ನೀಲಿ ಆಕಾಶ ಹಾಕಿದ, ಅದರಲ್ಲಿ ಎರಡು ಬಿಳಿ ಮೋಡ ತೇಲಿಬಿಟ್ಟ. ನನಗೆ ಬಹಳ ಹಿಡಿಸಿತು. ಮನೆಗೆ ತಂದು ಹೆಂಡತಿ ಗಿರಿಜಾಳಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

"ಯಾಕೋ ಇದು ನನ್ನ ಕಣ್ಣಿಗೆ ಸರಿ ಕಾಣವಲ್ದು ರೀ," ಎಂದಳು.

ಗಂಡನ ಏಳಿಗೆಯನ್ನು ಕಂಡು ಕೆಲವು ಹೆಂಡಂದಿರಿಗೆ ಹಾಗಾಗುವುದುಂಟು ಎಂದುಕೊಂಡೆ.

ಇನ್ನು ಹಾರದ ವಿಷಯ. ದಾದಾಪೀರ ಚೆಂಡುಹೂವಿನ ಹಾರದಲ್ಲಿ ಮುಗಿಸುವವನಿದ್ದ. ಹಾವೇರಿ ಜಿಲ್ಲೆಯಲ್ಲಿ ಹುಟ್ಟಿ ಏಲಕ್ಕಿ ಹಾರವಿಲ್ಲದೆ ಸನ್ಮಾನವೇ? ಮಂತ್ರಿಗಳ ಕೊರಳಿಗೆ ಬೀಳುವಂಥ, ಮುತ್ತು ಜರಿ ಹಚ್ಚಿ ಪೋಣಿಸಿದ, ಎದೆ ತುಂಬುವ ಏಲಕ್ಕಿ ಹಾರವನ್ನು ನಾನೇ ಹಾವೇರಿಗೆ ಬಸ್ಸಿನಲ್ಲಿ ಹೋಗಿ ತಂದೆ. ಬರುವಾಗ ಕಿಟಕಿಯ ಗಾಳಿಗೆ ನೆಗಡಿ ಹಿಡಿಯಿತು, ಜೊತೆಗೆ ಕೆಮ್ಮು. ಆ ಕಾಲದಲ್ಲಿ ಕೆಮ್ಮಿದರೆ ಸುದ್ದಿ ನಮಗಿಂತ ಮೊದಲು ಊರು ಮುಟ್ಟುತ್ತಿತ್ತು. ಬ್ಯಾಡಗಿಯಿಂದ ಅತ್ತೆ ದಿನಾ ಫೋನು ಮಾಡಿ, "ಅಳಿಯಂದ್ರ ಕೆಮ್ಮು ಹೆಂಗೈತಿ?" ಎಂದು ವಿಚಾರಿಸತೊಡಗಿದರು. ಅವರ ಓಣಿಯಲ್ಲಿ ಆ ತಿಂಗಳು ಎರಡು ಸಾವಾಗಿದ್ದವು. ಪಾಪ, ಹೆದರಿದ್ದರು.

ಪಂದ್ಯವನ್ನು ಮೊಬೈಲಿನಲ್ಲಿ ನೇರವಾಗಿ ತೋರಿಸುವ ವ್ಯವಸ್ಥೆಯಾಗಿತ್ತು. ತನ್ನ ಸನ್ಮಾನದ ಸುದ್ದಿಯನ್ನು ತಾನೇ ಸಾರುವುದು ಸಭ್ಯರ ಲಕ್ಷಣವಲ್ಲ. ಆದ್ದರಿಂದ ಬಂಧುಗಳ ಗುಂಪಿನಲ್ಲಿ ಲಿಂಕ್ ಹಾಕಿ, ಅದರ ಕೆಳಗೆ ಇಷ್ಟೇ ಬರೆದೆ: 'ಇಂದು ಸಂಜೆ ಎಲ್ಲರೂ ತಪ್ಪದೇ ನೋಡಿರಿ. ನನ್ನ ಬಾಳಿನಲ್ಲಿ ಇಂಥ ದಿನ ಮತ್ತೆ ಬರುವುದಿಲ್ಲ.'

ಸಂಜೆ ಒಂದು ತಟ್ಟೆ ಒಗ್ಗರಣೆ ಅವಲಕ್ಕಿ ಇಟ್ಟುಕೊಂಡು ಮೊಬೈಲಿನ ಮುಂದೆ ಕುಳಿತೆ. ಗಿರಿಜಾ ಮಾಳಿಗೆಯ ಮೇಲೆ ಒಣ ಹಾಕಿದ್ದ ಸಂಡಿಗೆ ತೆಗೆಯಲು ಹೋಗಿದ್ದಳು. ಎದುರಾಳಿ ಹಾವೇರಿಯ ತಂಡ. ಚಿತ್ರ ಬಂತು, ದನಿ ಬರಲಿಲ್ಲ. ಇರಲಿ, ಸನ್ಮಾನಕ್ಕೆ ದನಿ ಯಾಕೆ?

ಮೊದಲ ಖುರ್ಚಿಯಲ್ಲಿ ಮೋಡಗಳ ನಡುವೆ ನಾನು ವಿರಾಜಮಾನನಾಗಿದ್ದೆ. ತಂಡದ ನಾಯಕ ಬಂದು ಖುರ್ಚಿಗೆ ಶಾಲು ಹೊದಿಸಿ ಏಲಕ್ಕಿ ಹಾರವನ್ನು ಫೋಟೊಗೆ ಹಾಕಿದ. ಗಾಳಿಗೆ ಫೋಟೊ ಮುಗ್ಗರಿಸಿತು. ಅದಕ್ಕೆ ಆಸರೆಯಾಗಲೆಂದು ಯಾರೋ ಪುಣ್ಯಾತ್ಮರು ಬುಡಕ್ಕೆ ತೆಂಗಿನಕಾಯಿ ಇಟ್ಟರು. ಹಂಗಾಮಿನ ಮೊದಲ ಪಂದ್ಯವಾದ್ದರಿಂದ ಚೆಂಡಿಗೆ ಪೂಜೆಯಾಗಬೇಕಿತ್ತು. ಊದಿನಕಡ್ಡಿ ಹಚ್ಚಿದರು, ಗಾಳಿ ತಾಗದ ಜಾಗ ಹುಡುಕಿ ನನ್ನ ಖುರ್ಚಿಯ ಮರೆಯಲ್ಲೇ ಸಿಕ್ಕಿಸಿದರು. ಆಮೇಲೆ ಆ ದಿನಗಳಲ್ಲಿ ಎಲ್ಲ ಕಡೆ ಮಾಡುತ್ತಿದ್ದಂತೆ, ಕೊರೋನಾದಲ್ಲಿ ತೀರಿಕೊಂಡವರಿಗಾಗಿ ಎರಡೂ ತಂಡದವರು ಸಾಲಾಗಿ ನಿಂತು ತಲೆ ತಗ್ಗಿಸಿ ಮೌನ ಆಚರಿಸಿದರು. ಮೊಬೈಲ್ ಹಿಡಿದಿದ್ದವನು ಆ ಮೌನದುದ್ದಕ್ಕೂ ಕ್ಯಾಮೆರಾವನ್ನು ನನ್ನ ಫೋಟೊದ ಮೇಲೆಯೇ ಇಟ್ಟಿದ್ದ.

ನನ್ನ ಕಣ್ಣು ತುಂಬಿ ಬಂತು. ಎಷ್ಟು ಗೌರವ, ಎಷ್ಟು ಅಚ್ಚುಕಟ್ಟು ಎಂದುಕೊಂಡೆ. ನಿಜವಾಗಿ ಅಷ್ಟೇ ಅಂದುಕೊಂಡೆ.

ಫೋನು ಬರಲು ಶುರುವಾಯಿತು. ಬ್ಯಾಡಗಿಯಿಂದ ಅತ್ತೆ. ಅಭಿನಂದನೆ ಹೇಳಲು ಇಷ್ಟು ಅವಸರವೇ? ಫೋನು ಎತ್ತಿದರೆ ಆಟ ನಿಲ್ಲುತ್ತದೆ. ಕತ್ತರಿಸಿದೆ. ಮತ್ತೆ ಅತ್ತೆ, ಕತ್ತರಿಸಿದೆ. ಗುತ್ತಲದ ಕಾಕಾ, ಕಾಗಿನೆಲೆಯ ದೊಡ್ಡವ್ವ, ಎಲ್ಲರನ್ನೂ ನಿರ್ದಾಕ್ಷಿಣ್ಯವಾಗಿ ಕತ್ತರಿಸಿದೆ. ಕರೆ ಮಾಡಿದರೆ ಫೋನು ಎತ್ತದವರ ಬಗ್ಗೆ ಆ ವರ್ಷ ಜನ ಏನು ತಿಳಿಯುತ್ತಿದ್ದರೆಂದು ನನಗೆ ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಚೆಂಡು ಮಾತ್ರ ಇತ್ತು.

ವಿರಾಮದ ಹೊತ್ತಿಗೆ ಎರಡೂ ಕಡೆ ಗೋಲಿಲ್ಲ. ಆಗ ಪರದೆಯ ಕೆಳಗೆ ನೋಡಿದರೆ ಕೈಮುಗಿದ ಚಿತ್ರಗಳ ಸುರಿಮಳೆ. 'ಓಂ ಶಾಂತಿ.' 'ಆತ್ಮಕ್ಕೆ ಚಿರಶಾಂತಿ ಸಿಗಲಿ.' 'ಮೊನ್ನೆ ಹಾವೇರಿ ಬಸ್ಸಿನ್ಯಾಗ ನೋಡಿದ್ದೆ, ಚಲೋ ಇದ್ರು.' ಯಾರೋ ದೊಡ್ಡವರು ತೀರಿಕೊಂಡಿರಬೇಕು ಎಂದುಕೊಂಡು ನಾನೂ ಒಂದು ಕೈಮುಗಿದ ಚಿತ್ರ ಹಾಕಿದೆ.

ದ್ವಿತೀಯಾರ್ಧ ಶುರುವಾಯಿತು. ಆಟ ಮುಗಿಯಲು ಕಾಲು ಗಂಟೆ ಉಳಿದಿದ್ದಾಗ ಇದ್ದಕ್ಕಿದ್ದಂತೆ ದನಿಯೂ ಬಂತು. ವೀಕ್ಷಕ ವಿವರಣೆಕಾರ ಗದ್ಗದಿತನಾಗಿ ಹೇಳುತ್ತಿದ್ದ: "ಈಗಷ್ಟೇ ಬಂದ ಸುದ್ದಿ. ಸನ್ಮಾನ ಸ್ವೀಕರಿಸಿದ ಕೆಲವೇ ಕ್ಷಣಗಳಲ್ಲಿ ಚನ್ನಬಸಪ್ಪನವರು ತಮ್ಮ ಮನೆಯಲ್ಲಿ ಇಹಲೋಕ ತ್ಯಜಿಸಿದರೆಂದು ಅವರ ಬಂಧುಗಳೇ ತಿಳಿಸುತ್ತಿದ್ದಾರೆ. ಕೊನೆಯುಸಿರಿನ ತನಕ ಕೆಂಪಂಗಿ, ಕೆಂಪಂಗಿ ಎಂದ ಜೀವ ಅದು."

ಬಾಯಿಗೆ ಹೋಗುತ್ತಿದ್ದ ಅವಲಕ್ಕಿ ಅಲ್ಲೇ ನಿಂತಿತು. ಅಷ್ಟರಲ್ಲಿ ನಮ್ಮ ನಾಯಕ ಕಣ್ಣೊರೆಸಿಕೊಂಡು ಒದ್ದ ಚೆಂಡು ಗೋಲಿನೊಳಗೆ ಹೋಯಿತು. ಕೆಂಪಂಗಿಗೆ ಗೋಲು! ಹುಡುಗರು ಓಡಿಬಂದು ನನ್ನ ಫೋಟೊದ ಮುಂದೆ ಮಂಡಿಯೂರಿದರು.

ದಾದಾಪೀರನ ಫೋನು ಬಂತು. ಕಾರ್ಯದರ್ಶಿಯ ಕರೆ, ಕತ್ತರಿಸುವಂತಿಲ್ಲ.

"ಅಕ್ಕಾರ, ಹೆಂಗಾತ್ರಿ ಇದು?" ಎಂದು ಅಳುದನಿಯಲ್ಲಿ ಶುರುಮಾಡಿದ.

"ಅಕ್ಕಾರಲ್ಲಪಾ, ನಾನು."

"ಬಸಪ್ಪಣ್ಣಾ? ಹಂಗಾರ ನೀ ಅದೀ?"

"ಅದೇನಿ. ಅವಲಕ್ಕಿ ತಿನ್ನಾಕತ್ತೇನಿ. ಲಗೂ ಮೈಕಿನ್ಯಾಗ ಹೇಳಿಸು."

ದಾದಾಪೀರ ದನಿ ತಗ್ಗಿಸಿದ. "ಅಣ್ಣಾ, ನೀ ಇರೂದು ನನಗ ಬಾಳ ಸಂತೋಷ. ಅಲ್ಲಾನ ಆಣಿ. ಆದ್ರ ಒಂದು ಹತ್ತು ನಿಮಿಷ ಯಾರಿಗೂ ಹೇಳಬ್ಯಾಡ. ಹುಡುಗ್ರು ನಿನ್ನ ಹೆಸರ್ಲೆ ಹುಲಿ ಆದಂಗ ಆಡಾಕತ್ತಾರ. ಇದ್ದೀ ಅಂತ ಗೊತ್ತಾದ್ರ ಕೈಕಾಲು ಬಿಡ್ತಾರ. ಪ್ರಾಣಾ ಕೊಡ್ತೇನಿ ಅಂದಿದ್ಯಲ್ಲ, ಬರೇ ಹತ್ತು ನಿಮಿಷಕ್ಕ ಕೊಡು."

ನ್ಯಾಯವಾದ ಬೇಡಿಕೆ. ನಾನು ಒಪ್ಪಿದೆ. ಸತ್ಯ ಹೇಳಬೇಕೆಂದರೆ, ಖುಷಿಯೂ ಆಯಿತು. ವಿವರಣೆಕಾರ ನನ್ನ ಗುಣಗಾನ ಮಾಡುತ್ತಿದ್ದ. ನಾನು ಇಷ್ಟು ಒಳ್ಳೆಯವನೆಂದು ನನಗೇ ಗೊತ್ತಿರಲಿಲ್ಲ. ಇಂಥ ಮಾತು ಕೇಳಲು ಜನ ಸಾಯಬೇಕಾಗುತ್ತದೆ. ನನಗೆ ಅವಲಕ್ಕಿಯ ಜೊತೆ ಸಿಗುತ್ತಿತ್ತು.

ಅಷ್ಟರಲ್ಲಿ ಗಿರಿಜಾ ಸಂಡಿಗೆಯ ಮೊರ ಹಿಡಿದು ಕೆಳಗಿಳಿದಳು. ಒಳಗೆ ಚಾರ್ಜಿಗೆ ಹಾಕಿದ್ದ ಅವಳ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಎತ್ತಿದಳು.

"ಯಾಕ ಅಳಾಕತ್ತಿ ಅವ್ವಾ? ಯಾರು ಹೋದ್ರು? ನಮ್ಮವ್ರಾ? ಎಲ್ಲೀಗೂ ಹೋಗಿಲ್ಲ ಬೇ, ಇಲ್ಲೇ ಕುಂತು ತಿನ್ನಾಕತ್ತಾರ." ಆಮೇಲೆ ನನ್ನ ಕಡೆ ತಿರುಗಿದಳು. "ನಂಬವಲ್ಳು ರೀ. ದುಃಖಕ್ಕ ನನಗಽ ತಲಿ ಕೆಟ್ಟೈತಿ ಅಂತ ತಿಳ್ಕೊಂಡಾಳ. ಮಾತಾಡ್ರಿ."

ನಾನು ಪಿಸುಗುಟ್ಟಿದೆ: "ಹತ್ತು ನಿಮಿಷ ತಡಿ. ಕ್ಲಬ್ಬು ಗೆಲ್ಲಾಕತ್ತೈತಿ."

ಗಿರಿಜಾ ಒಮ್ಮೆ ನನ್ನ ಮೊಬೈಲನ್ನು ನೋಡಿದಳು. ಹಾರ, ಶಾಲು, ತೆಂಗಿನಕಾಯಿ, ಊದಿನಕಡ್ಡಿ. ಅವಳಿಗೆ ಎಲ್ಲ ಅರ್ಥವಾಯಿತು. ಅವಳು ಕೂಗಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ಮೆಲ್ಲಗೆ ಹೇಳಿದಳು:

"ನಿಮ್ಮ ಕ್ಲಬ್ಬಿಗೆ ಹತ್ತು ನಿಮಿಷ ಸಣ್ಣದು. ನಮ್ಮವ್ವಗ ಅದು ಬಾಳ ದೊಡ್ಡದು ರೀ."

ಅವಳ ಕೈಯಲ್ಲಿದ್ದ ಫೋನಿನಿಂದ ಅತ್ತೆಯ ಅಳು ಕೇಳುತ್ತಿತ್ತು. ನನ್ನ ಜೊತೆ ಎಂದೂ ಎರಡು ಮಾತಿಗಿಂತ ಹೆಚ್ಚು ಆಡದ ಹೆಂಗಸು. ಕೆಮ್ಮು ಹೇಗಿದೆ ಎಂದು ದಿನಾ ಕೇಳುತ್ತಿದ್ದವರು. ಅವರು ನನಗಾಗಿ ಹಾಡಿಕೊಂಡು ಅಳುತ್ತಿದ್ದರು, ನಾನು ಇಲ್ಲಿ ಗೋಲು ಎಣಿಸುತ್ತಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು.

ವಿಡಿಯೊ ಹಚ್ಚಿಸಿ ಮುಖ ತೋರಿಸಿದೆ. "ಅತ್ತೀ, ನಾನು. ಅದೇನ್ರಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಬಹಳ ಹೊತ್ತು ದಿಟ್ಟಿಸಿದರು. "ಖರೇನ ಅದೀರಿ, ಅಳಿಯಂದ್ರ?"

"ಖರೇನ ಅದೇನ್ರಿ."

"ಗಲ್ಲಕ್ಕ ಅವಲಕ್ಕಿ ಹತ್ತೈತಿ, ಒರಸ್ಕೋರಿ," ಎಂದವರೇ ಮತ್ತೆ ಅಳಲು ಶುರುಮಾಡಿದರು. ಈ ಅಳು ಬೇರೆ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅತ್ತೆಯ ಪಕ್ಕದಲ್ಲಿ ನನ್ನ ಹೆಂಡತಿಯ ತಮ್ಮ ಮಂಜು ಕುಳಿತಿದ್ದ. ಸಂತೋಷ ತಡೆಯಲಾರದೆ ಅವನು ಪಂದ್ಯದ ಪರದೆಯ ಕೆಳಗೆ ದಪ್ಪಕ್ಷರದಲ್ಲಿ ಬರೆದ: 'ನಮ್ಮ ಮಾಮಾ ಸತ್ತಿಲ್ಲ, ಅವಲಕ್ಕಿ ತಿನ್ನಾಕತ್ತಾರ.' ವಿವರಣೆಕಾರ ಅದನ್ನು ಮೈಕಿನಲ್ಲಿ ಇದ್ದದ್ದು ಇದ್ದ ಹಾಗೆ ಓದಿಬಿಟ್ಟ. ನಮ್ಮ ಹುಡುಗರೆಲ್ಲ ನಿಂತಲ್ಲೇ ನಿಂತು ನನ್ನ ಫೋಟೊದ ಕಡೆ ತಿರುಗಿದರು. ಗೋಲ್‌ಕೀಪರನಂತೂ ಬಾಯಿ ತೆರೆದು ನೋಡುತ್ತಿದ್ದ. ಚೆಂಡು ಅವನ ಪಕ್ಕದಿಂದ ನಿಧಾನವಾಗಿ ಉರುಳಿಕೊಂಡು ಒಳಗೆ ಹೋಯಿತು. ಆಮೇಲೆ ಹಾವೇರಿಯವರು ಇನ್ನೊಂದು ಹಾಕಿದರು. ಆಟ ಮುಗಿಯಿತು. ನಾವೇ ಸೋತೆವು.

ರಾತ್ರಿ ದಾದಾಪೀರ ಶಾಲು, ಹಾರ, ತೆಂಗಿನಕಾಯಿ ತಂದು ಬಾಗಿಲ ಬಳಿ ಇಟ್ಟ. "ನೀ ಇದ್ದದ್ದು ಚಲೋ ಆತು ಅಣ್ಣಾ," ಎಂದ. ಮುಖದಲ್ಲಿ ಅಷ್ಟೇನೂ ಕಾಣಲಿಲ್ಲ. ಗಿರಿಜಾ ಕಾಯಿಯಿಂದ ಚಟ್ನಿ ಮಾಡಿದಳು. ಹಾರದಿಂದ ಒಂದೊಂದೇ ಏಲಕ್ಕಿ ಕಿತ್ತು ವರ್ಷವಿಡೀ ಚಹಾಕ್ಕೆ ಹಾಕಿದಳು. ನನ್ನ ಸನ್ಮಾನವನ್ನು ನಾನೇ ಕುಡಿದು ಮುಗಿಸಿದೆ.

ಕೊರೋನಾ ಹೋಯಿತು, ಮೈದಾನ ತೆರೆಯಿತು. ಎಲ್ಲರಿಗಿಂತ ಮೊದಲು ಹೋಗಿ ಸದಸ್ಯತ್ವ ನವೀಕರಿಸಿದೆ. ದಾದಾಪೀರ ಟೇಪನ್ನು ಕೊರಳಿಗೆ ಹಾಕಿಕೊಂಡು ಹಿಂದೆ ಮುಂದೆ ನೋಡಿದ.

"ಮೆಂಬರ್ ಆಗು ಅಣ್ಣಾ, ಬ್ಯಾಡ ಅನ್ನಂಗಿಲ್ಲ. ಆದ್ರ ಆ ಖುರ್ಚಿ ಮ್ಯಾಲೆ ಫೋಟೊನ ಇರ್ಲಿ ಅಂತಾರ ಹುಡುಗ್ರು. ಗೋಲು ಹೊಡದದ್ದು ಅದರ ಮುಂದಽ ಅಲ್ಲಾ."

ಹೀಗಾಗಿ ಕೆಂಪಂಗಿ ಆಡುವ ದಿನ ಮೊದಲ ಖುರ್ಚಿಯಲ್ಲಿ ಮೋಡಗಳ ನಡುವೆ ಅವನು ಕೂರುತ್ತಾನೆ. ನಾನು ಹಿಂದಿನ ಕಟ್ಟೆಯ ಮೇಲೆ ಕೂರುತ್ತೇನೆ. ಅವನಿಗೆ ಶಿಸ್ತು ಹೆಚ್ಚು, ರೆಫರಿಗೆ ಬಯ್ಯುವುದಿಲ್ಲ. ಮೊನ್ನೆ ಹೊಸದಾಗಿ ಸೇರಿದ ಸದಸ್ಯರೊಬ್ಬರು ಬಂದು ಫೋಟೊಗೆ ಕೈಮುಗಿದು ನನ್ನ ಪಕ್ಕದಲ್ಲಿ ಕುಳಿತರು. ಮಾಸಿದ ಫ್ಲೆಕ್ಸಿನ ಮುಖಕ್ಕೂ ನನ್ನ ಮುಖಕ್ಕೂ ಈಗ ಹೋಲಿಕೆ ಉಳಿದಿಲ್ಲ.

"ಯಾರ್ರೀ ಇವ್ರು?" ಎಂದು ಕೇಳಿದರು.

"ಈ ಕ್ಲಬ್ಬಿಗಾಗಿ ಪ್ರಾಣಾ ಕೊಟ್ಟವ್ರು," ಎಂದೆ.

"ಹೌದ್ರಿ? ಬಾಳ ದೊಡ್ಡವ್ರು ಬಿಡ್ರಿ."

"ಎಲ್ಲೀದು ತಗೀರಿ. ಗೆಲ್ಲೂ ಹೊತ್ತಿನ್ಯಾಗ ವಾಪಸ್ ಇಸ್ಕೊಂಡ್ರು."